ಶನಿವಾರ ಏನು ಮಾಡಲಿ ಅಂತ ಕೇಳಿದ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜು ಧಾರವಾಡದಲ್ಲಿ ಓದಿದೆ. ರಜೆಗೆ ಊರಿಗೆ ಬಂದಿದ್ದೇನೆ. ಹುಬ್ಬಳ್ಳಿ ಬಿಟ್ಟು ಅಮೆರಿಕಕ್ಕೆ ಬಂದು ಮೂರು ತಿಂಗಳಾಯಿತು, ಶನಿವಾರ ಬಂದರೆ ಮನೆ ಹಿಡಿಸುವುದಿಲ್ಲ, ಯಾರ ಪರಿಚಯವೂ ಇಲ್ಲ, ನೀವು ಹೇಗೆ ಹೊಂದಿಕೊಂಡಿರಿ ಅಂತ ಕೇಳಿದ್ದೀಯ. ನನಗೆ ಅಲ್ಲಿ ಜನ ಸಿಕ್ಕಿದ್ದು ಒಂದು ಫ್ರೀಜರಿನಿಂದ.

ಪಕ್ಕದ ಮನೆಯವರು ಬಿಯರ್ ತಾವೇ ಮಾಡುತ್ತಾರೆ. ಇಲ್ಲಿ ಲೈಸೆನ್ಸ್ ಇಲ್ಲದೆ ಅದು ಆಗದ ಮಾತು. ಅಲ್ಲಿ 1978ರಲ್ಲೇ ಕಾನೂನು ಬದಲಾಯಿತು. ಮನೆಯಲ್ಲಿ ದೊಡ್ಡವರು ಇಬ್ಬರಿದ್ದರೆ ವರ್ಷಕ್ಕೆ 200 ಗ್ಯಾಲನ್ ಮಾಡಬಹುದು, ಮಾರುವಂತಿಲ್ಲ. ನನಗೆ ಬಿಯರಿಗಿಂತ ಕಟ್ಟಿಗೆ ಕೆಲಸದ ಮೇಲೆ ಆಸೆ. ಕಾಕಾ ರಂದಾ ಹೊಡೆಯುವುದನ್ನು ನೋಡುತ್ತಾ ಬೆಳೆದವನು ನಾನು. ಬಿಯರನ್ನು ತಂಪಾಗಿಟ್ಟು ನಲ್ಲಿಯಿಂದ ಬಿಡುವ ಪೆಟ್ಟಿಗೆಯೊಂದನ್ನು ಫ್ರೀಜರಿನಿಂದ ಇಬ್ಬರೂ ಸೇರಿ ಮಾಡೋಣ ಅಂದೆ.

ಐಸ್‌ಕ್ರೀಂ ಅಂಗಡಿಯಲ್ಲಿ ಮೇಲಿಂದ ಮುಚ್ಚಳ ತೆಗೆಯುವ ಫ್ರೀಜರ್ ಇರುತ್ತದಲ್ಲ, ಅಂಥದ್ದು. ಮುಚ್ಚಳ ಬಿಚ್ಚಿ, ಬಾಯಿಯ ಮೇಲೆ ಆರಿಂಚಿನ ಕಟ್ಟಿಗೆ ಚೌಕಟ್ಟು ಕೂರಿಸಿ, ಅದರ ಮೇಲೆ ಮುಚ್ಚಳ ಹಾಕಬೇಕು. ನಲ್ಲಿಗಳ ತೂತು ಈ ಚೌಕಟ್ಟಿಗೆ ಮಾತ್ರ. ಫ್ರೀಜರಿನ ಗೋಡೆಗೆ ಡ್ರಿಲ್ ಇಡಲೇಬಾರದು, ಒಳಗೆ ತಂಪು ಮಾಡುವ ಗ್ಯಾಸಿನ ಪೈಪು ಓಡುತ್ತದೆ. ಬಿಯರ್ ಹೆಪ್ಪುಗಟ್ಟದ ಹಾಗೆ ಹೊರಗಿನಿಂದ ಒಂದು ಥರ್ಮೋಸ್ಟ್ಯಾಟ್ ಕೊಟ್ಟು 4 ಡಿಗ್ರಿಗೆ ಇಟ್ಟೆವು. ಒಳಗೆ 19 ಲೀಟರಿನ ಸ್ಟೀಲ್ ಕೆಗ್ಗುಗಳು, ಅಂದರೆ ಬಿಯರ್ ತುಂಬುವ ಪೀಪಾಯಿಗಳು, ಬಿಯರನ್ನು ನಲ್ಲಿಗೆ ತಳ್ಳಲು ಕಾರ್ಬನ್ ಡೈಆಕ್ಸೈಡ್ ಸಿಲಿಂಡರು, 10-12 ಪಿಎಸ್‌ಐ ಒತ್ತಡ. ಸೋರುತ್ತದೆಯೇ ಅಂತ ಸೋಪಿನ ನೀರು ಹಚ್ಚಿ ನೋಡುವುದು, ಮನೆಯ ಗ್ಯಾಸ್ ಪೈಪಿಗೆ ನೋಡುತ್ತೇವಲ್ಲ, ಹಾಗೆ.

ಸುತ್ತ ಓಕ್ ಹಲಗೆ ಹೊದಿಸಿದ್ದು ನಾನು. ಸಂದಿಲ್ಲದೆ ಮೈಗೇ ಅಂಟಿಸಿದೆ. ಬಹಳ ಚಂದ ಕಂಡಿತು. ಎರಡು ದಿನದಲ್ಲಿ ಕಂಪ್ರೆಸರ್ ನಿಲ್ಲದೆ ಓಡತೊಡಗಿತು, ಹಲಗೆ ಮುಟ್ಟಿದರೆ ಬಿಸಿ. ಇಂಥ ಎಷ್ಟೋ ಫ್ರೀಜರುಗಳು ಒಳಗಿನ ಬಿಸಿಯನ್ನು ಪಕ್ಕದ ಗೋಡೆಗಳಿಂದಲೇ ಹೊರಹಾಕುತ್ತವೆ. ನಾನು ಆ ದಾರಿಯನ್ನೇ ಮುಚ್ಚಿಬಿಟ್ಟಿದ್ದೆ. ಎಲ್ಲ ಕಿತ್ತು, ಒಂದಿಂಚು ಜಾಗ ಬಿಟ್ಟು, ಕೆಳಗೂ ಮೇಲೂ ಗಾಳಿ ಆಡುವ ಹಾಗೆ ಬೇರೆ ಚೌಕಟ್ಟು ನಿಲ್ಲಿಸಿದೆವು. ಅದಕ್ಕೆ ನಾಲ್ಕು ಶನಿವಾರ ಹಿಡಿಯಿತು. ಆ ನಾಲ್ಕು ಶನಿವಾರವೂ ಅವರು ಬಂದರು. ನಾಲ್ಕನೆಯ ವಾರ ಅವರ ಮನೆಯವರೂ ಎದುರು ಮನೆಯವರೂ ಬಂದು ನಿಂತರು. ನಾನು ಗಿರ್ಮಿಟ್ ಕಲಸಿದೆ, ಮಿರ್ಚಿ ಕರಿದೆ. ಆಮೇಲೆ ನನಗೆ ಒಂದು ಶನಿವಾರವೂ ಉದ್ದ ಅನಿಸಿಲ್ಲ.

ನೀನು ಕುಡಿಯುವುದಿಲ್ಲ ಅಂದಿದ್ದೀಯ, ಅಡ್ಡಿಯಿಲ್ಲ. ಒಂದು ಕೆಗ್ಗಿನಲ್ಲಿ ಯಾವಾಗಲೂ ಶುಂಠಿ ಸೋಡಾ ಇರುತ್ತದೆ. ಮಕ್ಕಳು ಅದಕ್ಕೇ ಬರುತ್ತಾರೆ.

ನಿನ್ನೆ ಕಾಕಾನಿಗೆ ಫೋಟೋ ತೋರಿಸಿದೆ. ದೊಡ್ಡದು ಮಾಡಿ ಮೂಲೆಯನ್ನೇ ಬಹಳ ಹೊತ್ತು ನೋಡಿದರು. "ಬರೇ ಸ್ಕ್ರೂ ಮ್ಯಾಲೆ ನಿಲ್ಲಿಸೀ ಏನ? ಒಂದರಾಗ ಒಂದು ಕೂಡೋ ಹಂಗ ಕೊರೀಬೇಕಪಾ" ಅಂದರು. ನಾಳೆ ಅವರ ಅಂಗಡಿಯಲ್ಲಿ ಕೂತು ಕಲಿಯುತ್ತೇನೆ. ವಾಪಸ್ ಬಂದ ಮೊದಲ ಶನಿವಾರವೇ ಮೂಲೆಗಳನ್ನು ಬಿಚ್ಚಿ ಮತ್ತೆ ಕೂಡಿಸುವುದು. ಹಲಗೆ ಹಿಡಿಯಲು ಇನ್ನೊಬ್ಬರು ಬೇಕು. ಒಂಬತ್ತಕ್ಕೆ ಬಾ, ಪೇಡೆ ತಂದಿರುತ್ತೇನೆ.