ಯುದ್ಧ ಇಲ್ಲದಾಗ ಸಬ್‌ಮರೀನ್‌ನವರಿಗೆ ಏನು ಕೆಲಸ? ತಮ್ಮನನ್ನು ಕಳಿಸಬಹುದಾ?

ನೀವು ಕೇಳಿದ್ದು ಇಷ್ಟು. ತಮ್ಮ ನೇವಿಯಲ್ಲಿದ್ದಾನೆ, ಸಬ್‌ಮರೀನ್‌ಗೆ ಹೆಸರು ಕೊಡ್ತೀನಿ ಅಂತಿದ್ದಾನೆ, ಅವ್ವ ಬೇಡವೇ ಬೇಡ ಅಂತ ಹಟ ಹಿಡಿದಿದ್ದಾರೆ. ಯುದ್ಧವೇ ಇಲ್ಲದಾಗ ಅಲ್ಲಿ ಏನು ಕೆಲಸ, ಅಪಾಯ ಎಷ್ಟು?

ನಾನು ನೇವಿಯಲ್ಲಿ ಎಲೆಕ್ಟ್ರಿಕಲ್ ಬ್ರಾಂಚಿನ ಸೇಲರ್ ಆಗಿದ್ದವನು. ಸರ್ವಿಸ್‌ನ ಬಹುಪಾಲು ರಷ್ಯಾದ ಕಿಲೋ ಕ್ಲಾಸ್ ಸಬ್‌ಮರೀನ್‌ಗಳಲ್ಲೇ ಕಳೆದೆ. ಈಗ ಗೋಕಾಕ ತಾಲೂಕಿನ ನಮ್ಮೂರಲ್ಲಿ ಕಬ್ಬು ಮಾಡ್ಕೊಂಡಿದ್ದೀನಿ. ಹೇಳಬಹುದಾದ್ದನ್ನು ಹೇಳ್ತೀನಿ. ಎಲ್ಲಿ ಹೋಗಿದ್ದೆವು, ಎಷ್ಟು ದಿನ ಇದ್ದೆವು ಅನ್ನೋದನ್ನು ಮನೆಯಲ್ಲೂ ಹೇಳಿಲ್ಲ, ಇಲ್ಲೂ ಹೇಳಲ್ಲ.

ನಮ್ಮ ಬೆಳಗಾವಿ ಕಡೆ ಮಿಲಿಟರಿ ಅಂದರೆ ಮರಾಠಾ ಲೈಟ್ ಇನ್‌ಫೆಂಟ್ರಿ. ಅದರ ಸೆಂಟರ್ ಬೆಳಗಾವಿಯಲ್ಲೇ ಇದೆ. ಆರ್ಮಿಯವರು ಗಡಿಯಿಂದ ಬದಲಿಯಾಗಿ ಬಂದರೆ 'ಪೀಸ್ ಪೋಸ್ಟಿಂಗ್' ಸಿಕ್ತು ಅಂತ ಪೇಡೆ ಹಂಚ್ತಾರೆ. ಬೋಟ್‌ನಲ್ಲಿ ಅಂಥದ್ದು ಇಲ್ಲ. (ನಾವು ಸಬ್‌ಮರೀನ್‌ಗೆ ಬೋಟ್ ಅಂತಲೇ ಅನ್ನೋದು.) ನೂರು ಮೀಟರ್ ಕೆಳಗೆ ಹೋದರೆ ಬೋಟ್‌ನ ಮೈಮೇಲೆ ಪ್ರತಿ ಚದರ ಸೆಂಟಿಮೀಟರ್‌ಗೆ ಹತ್ತು ಕೆಜಿಯಷ್ಟು ನೀರಿನ ಒತ್ತಡ ಕೂರುತ್ತದೆ. ಶತ್ರು ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಬೆಂಕಿ, ನೀರು, ಕೆಟ್ಟ ಗಾಳಿ, ಈ ಮೂರೂ ದಿನಾ ಜೊತೆಗೇ ಇರುತ್ತವೆ. ಹಾಗಾಗಿ ಯುದ್ಧ ಇಲ್ಲದಾಗ ಏನು ಕೆಲಸ ಅಂದರೆ, ಯುದ್ಧ ಇದ್ದಾಗ ಮಾಡುವ ಕೆಲಸವೇ.

ನನ್ನ ಕೆಲಸದಿಂದಲೇ ಶುರು ಮಾಡ್ತೀನಿ, ಅದು ನನಗೆ ಚೆನ್ನಾಗಿ ಗೊತ್ತು. ಡೀಸೆಲ್ ಸಬ್‌ಮರೀನ್ ನೀರಿನೊಳಗೆ ಓಡೋದು ಬ್ಯಾಟರಿಯ ಮೇಲೆ. ಕಿಲೋ ಬೋಟ್‌ನಲ್ಲಿ ಎರಡು ಗುಂಪು, ಗುಂಪಿಗೆ 120 ಸೆಲ್. ಒಂದೊಂದು ಸೆಲ್ಲೂ ಎದೆಮಟ್ಟ ಬರುತ್ತದೆ. ಇವುಗಳ ತಲೆಗೂ ಮೇಲಿನ ಡೆಕ್ಕಿಗೂ ನಡುವೆ ಇರುವ ಜಾಗದಲ್ಲಿ ಮಲಗಿಕೊಂಡೇ ಸರಿಯಬೇಕು. ಇಳಿಯುವ ಮುಂಚೆ ಗಡಿಯಾರ, ಉಂಗುರ, ಕೊರಳಲ್ಲಿರುವ ತಾಯಿತ, ಬೆಲ್ಟು ಎಲ್ಲ ತೆಗೆದಿಡಬೇಕು. ಜೇಬಿನಲ್ಲಿ ಒಂದು ನಾಣ್ಯವೂ ಇರಬಾರದು. ಒಂದು ಲೋಹದ ಚೂರು ಎರಡು ಟರ್ಮಿನಲ್ ಮೇಲೆ ಬಿದ್ದರೆ ಅಲ್ಲಿಗೆ ಮುಗೀತು. ಒಂದೊಂದೇ ಸೆಲ್ಲಿನ ಆಸಿಡ್ ಮಟ್ಟ ನೋಡಬೇಕು, ಸಾಂದ್ರತೆ ಅಳೆಯಬೇಕು, ಬಿಸಿ ಎಷ್ಟಿದೆ ನೋಡಬೇಕು, ಬರೆದುಕೊಳ್ಳಬೇಕು. ಬೆವರು ಕಣ್ಣಿಗೆ ಇಳಿದರೆ ಆಸಿಡ್ ಕೈಯಿಂದ ಒರೆಸುವ ಹಾಗಿಲ್ಲ. ಈ ಕೆಲಸಕ್ಕೆ ಯಾರೂ ಮೆಡಲ್ ಕೊಡಲ್ಲ ಬಿಡಿ.

ಚಾರ್ಜ್ ಆಗುವಾಗ ಸೆಲ್‌ಗಳಿಂದ ಹೈಡ್ರೋಜನ್ ಬರುತ್ತದೆ. ಗಾಳಿಯಲ್ಲಿ ಅದು ಶೇಕಡಾ 4 ದಾಟಿದರೆ ಒಂದು ಕಿಡಿ ಸಾಕು. 2010ರಲ್ಲಿ ಸಿಂಧುರಕ್ಷಕ್ ಬೋಟ್‌ನಲ್ಲಿ ಹೀಗೇ ಬ್ಯಾಟರಿ ಕಂಪಾರ್ಟ್‌ಮೆಂಟ್‌ನಲ್ಲಿ ಸ್ಫೋಟವಾಗಿ ಒಬ್ಬ ಸೇಲರ್ ತೀರಿಕೊಂಡರು. ಇನ್ನು ಬ್ಯಾಟರಿಗೆ ಸಮುದ್ರದ ನೀರು ಸೇರಿದರೆ ಕ್ಲೋರಿನ್ ಗಾಳಿ ಏಳುತ್ತದೆ. ಅದರ ವಾಸನೆ ಬಂತು ಅಂದರೆ ಯೋಚನೆ ಮಾಡೋಕೆ ಟೈಮ್ ಇರಲ್ಲ.

ಚಾರ್ಜ್ ಮಾಡೋಕೆ ಡೀಸೆಲ್ ಎಂಜಿನ್ ಬೇಕು, ಎಂಜಿನ್‌ಗೆ ಗಾಳಿ ಬೇಕು. ಅದಕ್ಕೆ ಬೋಟ್ ಪೆರಿಸ್ಕೋಪ್ (ಹೊರಗೆ ನೋಡುವ ಕೊಳವೆ) ನೀರಿನ ಮೇಲೆ ಚಾಚುವಷ್ಟು ಮೇಲಕ್ಕೆ ಬಂದು ಸ್ನಾರ್ಕೆಲ್ ಅನ್ನುವ ಕೊಳವೆ ಎತ್ತಿ ಗಾಳಿ ಎಳೆಯುತ್ತದೆ. ಅಲೆ ಬಂದು ಕೊಳವೆಯ ತಲೆ ಮುಳುಗಿದರೆ ಅಲ್ಲಿರುವ ವಾಲ್ವ್ ತಾನೇ ಮುಚ್ಚಿಕೊಳ್ಳುತ್ತದೆ. ಎಂಜಿನ್ ಮಾತ್ರ ನಿಲ್ಲೋದಿಲ್ಲ, ಬೋಟ್ ಒಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಕಿವಿ ಪಟ್ ಅನ್ನುತ್ತದೆ. ವಾಲ್ವ್ ತೆರೆದ ತಕ್ಷಣ ಮತ್ತೆ ಪಟ್. ಮಳೆಗಾಲದ ಅರಬ್ಬಿ ಸಮುದ್ರದಲ್ಲಿ ಇದು ತಾಸುಗಟ್ಟಲೆ ನಡೆಯುತ್ತದೆ. ನೆಗಡಿ ಆದವನ ಪಾಡು ಕೇಳಲೇಬೇಡಿ. ಶತ್ರುವಿನ ವಿಮಾನ, ರಾಡಾರ್ ಕಣ್ಣಿಗೆ ನಾವು ಸಿಗೋದು ಕೂಡ ಜಾಸ್ತಿ ಇದೇ ಹೊತ್ತಿನಲ್ಲಿ. ಅದಕ್ಕೇ ಈ ಕೆಲಸ ಸಾಮಾನ್ಯವಾಗಿ ರಾತ್ರಿ. ಅರಿಹಂತ್‌ನಂಥ ಅಣುಶಕ್ತಿಯ ಬೋಟ್‌ಗಳಿಗೆ ಈ ತಾಪತ್ರಯ ಇಲ್ಲ.

ಒಳಗಿನ ಬದುಕು ಹೇಗೆ? ಬನದ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗುವ ಬಸ್ಸು ನೋಡಿದ್ದೀರಲ್ವಾ? ಅದರಲ್ಲೇ ವಾರಗಟ್ಟಲೆ ಇರಬೇಕು ಅಂದುಕೊಳ್ಳಿ, ಕಿಟಕಿ ಇಲ್ಲದೆ. ಬೋಟ್ ಉದ್ದ ಎಪ್ಪತ್ತು ಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಒಳಗೆ ಐವತ್ತು ಚಿಲ್ಲರೆ ಜನ. ಉಳಿದ ಜಾಗವೆಲ್ಲ ಪೈಪು, ವಾಲ್ವು, ಕೇಬಲ್ಲು. ಮೂರು ಪಾಳಿ. ನಾಲ್ಕು ತಾಸು ವಾಚ್ (ಡ್ಯೂಟಿ), ಎಂಟು ತಾಸು ಬಿಡುವು, ಆ ಬಿಡುವಿನಲ್ಲೂ ರಿಪೇರಿ, ಡ್ರಿಲ್ಲು. ಹಗಲು ರಾತ್ರಿ ಗೊತ್ತಾಗೋದು ದೀಪದಿಂದ. ಮೇಲೆ ಕತ್ತಲಾದರೆ ಕಂಟ್ರೋಲ್ ರೂಮಿನಲ್ಲಿ ಕೆಂಪು ದೀಪ ಹಾಕ್ತಾರೆ, ಪೆರಿಸ್ಕೋಪ್ ನೋಡುವವರ ಕಣ್ಣು ಕತ್ತಲಿಗೆ ಹೊಂದಿಕೊಂಡಿರಲಿ ಅಂತ.

ಮೊದಲ ಕೆಲವು ದಿನ ತಾಜಾ ತರಕಾರಿ ಇರುತ್ತದೆ. ಆಮೇಲೆ ಉಳ್ಳಾಗಡ್ಡಿ, ಬಟಾಟಿ, ಡಬ್ಬಿ ಊಟ. ಒಗ್ಗರಣೆಗೆ ಆಸೆ ಪಡಬಾರದು, ಆ ಹೊಗೆ ಹೋಗೋದಾದರೂ ಎಲ್ಲಿಗೆ? ನಾನು ಮನೆಯಿಂದ ಶೇಂಗಾ ಹಿಂಡಿ ಒಯ್ಯುತ್ತಿದ್ದೆ. ಪಂಜಾಬಿನವನು, ಕೇರಳದವನು, ಬಿಹಾರದವನು ಎಲ್ಲರೂ ಅದಕ್ಕೆ ಗಿರಾಕಿಗಳು. ಡಬ್ಬಿ ಬೇಗ ಖಾಲಿಯಾಗುತ್ತಿತ್ತು. ಸ್ನಾನದ ವಿಷಯ ಬಿಟ್ಟುಬಿಡಿ, ಸಿಹಿನೀರು ಕುಡಿಯೋಕೆ ಮತ್ತು ಅಡುಗೆಗೆ. ರಜೆಗೆ ಮನೆಗೆ ಬಂದಾಗ ನನ್ನಾಕೆ ಬ್ಯಾಗನ್ನು ಒಳಗೆ ತರೋಕೆ ಬಿಡುತ್ತಿರಲಿಲ್ಲ. ಎರಡು ಸಲ ಒಗೆದರೂ ಬಟ್ಟೆಯ ಡೀಸೆಲ್ ವಾಸನೆ ಹೋಗುತ್ತಿರಲಿಲ್ಲ.

ನಿಮ್ಮ ಅವ್ವನಿಗೆ ನಿಜವಾಗಿ ಕಷ್ಟ ಆಗೋದು ಬೇರೆ ಕಾರಣಕ್ಕೆ. ಬೋಟ್ ನೀರಿನೊಳಗೆ ಇದ್ದಾಗ ಮೆಸೇಜ್ ತಗೊಳ್ಳಬಹುದು, ಕಳಿಸಿದರೆ ಎಲ್ಲಿದ್ದೇವೆ ಅಂತ ಗೊತ್ತಾಗುತ್ತದೆ. ಅದಕ್ಕೇ ಸುಮ್ನೆ ಇರ್ತೀವಿ. ಫೋನ್ ಇಲ್ಲ, ವಾಟ್ಸಾಪ್ ಇಲ್ಲ. ಯಾವಾಗ ಹೊರಡ್ತೀವಿ, ಯಾವಾಗ ಬರ್ತೀವಿ ಹೇಳೋ ಹಾಗಿಲ್ಲ. ನಮ್ಮಜ್ಜಿ ಹೋದ ಸುದ್ದಿ ನನಗೆ ಸಿಕ್ಕಿದ್ದು ಬಂದರಿಗೆ ಬಂದ ಮೇಲೆ. ಊರಲ್ಲಿ ದಿನಕರ್ಮ ಎಲ್ಲ ಮುಗಿದಿತ್ತು. ಅಂಥ ಸುದ್ದಿ ಮಧ್ಯದಲ್ಲೇ ಬಂದರೂ ಹೇಳಬೇಕಾ ಬೇಡವಾ ಅಂತ ಕ್ಯಾಪ್ಟನ್ ತೀರ್ಮಾನ ಮಾಡ್ತಾರೆ. ಹೇಳಿ ಏನು ಪ್ರಯೋಜನ, ಬೋಟ್ ತಿರುಗಿಸೋಕೆ ಆಗುತ್ತಾ? ನನಗೆ ಅದು ಸರಿ ಅಂತಲೇ ಅನಿಸುತ್ತದೆ. ನಮ್ಮ ಅಪ್ಪನಿಗೆ ಮಾತ್ರ ಇವತ್ತಿಗೂ ಒಪ್ಪಿಗೆ ಇಲ್ಲ.

ಇನ್ನು ಯುದ್ಧ. ಊರಲ್ಲಿ ಹುಡುಗರು ಕೇಳ್ತಾರೆ, "ಮಾಮಾ, ನೀವ್ ಏನ್ ಹೊಡದ್ರಿ?" ಏನೂ ಹೊಡೆದಿಲ್ಲ. 2001ರ ಡಿಸೆಂಬರ್‌ನಲ್ಲಿ ಪಾರ್ಲಿಮೆಂಟ್ ಮೇಲೆ ದಾಳಿಯಾದ ಮೇಲೆ ಗಡಿಗೆ ಸೈನ್ಯ ಸರಿಸಿದ ಆಪರೇಷನ್ ಪರಾಕ್ರಮ್ ನಡೆಯಿತಲ್ಲ, ಆಗ ನಾನು ಬೋಟ್‌ನಲ್ಲಿದ್ದೆ. ಟಾರ್ಪೆಡೊ (ನೀರಿನೊಳಗೆ ಓಡಿ ಹಡಗಿಗೆ ಬಡಿಯುವ ಬಾಂಬು) ಬಿಡುವ ಟ್ಯೂಬ್‌ಗಳ ಹತ್ತಿರ ಕೆಲಸ ಮಾಡುವವರು ತಮಾಷೆ ಮಾಡೋದು ಕಡಿಮೆಯಾಗಿತ್ತು. ವಾಪಸ್ ಬರೋ ದಿನ ಗೊತ್ತಿರಲಿಲ್ಲ. ನನ್ನ 240 ಸೆಲ್‌ಗಳು ಮಾತ್ರ ಯಾವತ್ತಿನ ಹಾಗೇ ಇದ್ದವು.

ಹೊಡೆಯದೆ ಇದ್ದರೆ ಇವರು ಯಾಕೆ ಬೇಕು ಅನ್ನಬೇಡಿ. 1971 ನೋಡಿ. ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ ಹುಡುಕಿಕೊಂಡು ಪಾಕಿಸ್ತಾನದ ಸಬ್‌ಮರೀನ್ ಘಾಜಿ ಬಂಗಾಳ ಕೊಲ್ಲಿಗೆ ಬಂತು. ಆ ಒಂದು ಬೋಟ್‌ಗೋಸ್ಕರ ನಮ್ಮವರು ವಿಕ್ರಾಂತ್ ಅನ್ನು ಅಂಡಮಾನ್ ಕಡೆ ಅಡಗಿಸಿಟ್ಟರು, ಅದು ವಿಶಾಖಪಟ್ಟಣದಲ್ಲೇ ಇದೆ ಅನ್ನುವ ಹಾಗೆ ನಾಟಕ ಆಡಿದರು. ಡಿಸೆಂಬರ್ 3-4ರ ರಾತ್ರಿ ವಿಶಾಖಪಟ್ಟಣದ ಹೊರಗೆ ಘಾಜಿ ಮುಳುಗಿತು. ಐಎನ್‌ಎಸ್ ರಜಪೂತ್ ಹಡಗು ಹಾಕಿದ, ನೀರಿನಾಳದಲ್ಲಿ ಸಿಡಿಯುವ ಡೆಪ್ತ್ ಚಾರ್ಜ್‌ನಿಂದ ಅಂತ ನಾವು, ನೀರಿನಲ್ಲಿಟ್ಟ ಸಿಡಿಗುಂಡು (ಮೈನ್) ಇಲ್ಲವೇ ಒಳಗಿನ ಸ್ಫೋಟದಿಂದ ಅಂತ ಅವರು. ಒಳಗಿದ್ದ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಡಿಸೆಂಬರ್ 9ರ ರಾತ್ರಿ ಅವರ ಇನ್ನೊಂದು ಬೋಟ್ ಹಂಗೋರ್ ದೀವ್ ಹತ್ತಿರ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ಸೇಲರ್‌ಗಳು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಮಹಾವೀರ ಚಕ್ರ ಮರಣೋತ್ತರವಾಗಿ ಬಂತು.

ನಮ್ಮ ಸಬ್‌ಮರೀನ್‌ಗಳು ಆ ಯುದ್ಧದಲ್ಲಿ ಒಂದು ಹಡಗನ್ನೂ ಮುಳುಗಿಸಲಿಲ್ಲ. ಗುರುತು ಪಕ್ಕಾ ಆಗದೆ ಹೊಡೆಯಬಾರದು ಅಂತ ಕಟ್ಟಪ್ಪಣೆ ಇತ್ತು, ಸಮುದ್ರದಲ್ಲಿ ಬೇರೆ ದೇಶಗಳ ವ್ಯಾಪಾರಿ ಹಡಗುಗಳು ಓಡಾಡುತ್ತಿದ್ದವು. ಆದರೂ ಕರಂಜ್ ಬೋಟ್‌ನ ಕ್ಯಾಪ್ಟನ್ ವಿ.ಎಸ್. ಶೆಖಾವತ್ ಅವರಿಗೆ ವೀರ ಚಕ್ರ ಸಿಕ್ಕಿತು, ಮುಂದೆ ಅವರು ನೌಕಾಪಡೆಯ ಮುಖ್ಯಸ್ಥರೂ ಆದರು. ಟ್ರಿಗರ್ ಒತ್ತದೆ ವಾಪಸ್ ಬರೋದೂ ಸಣ್ಣ ಕೆಲಸ ಅಲ್ಲ ಅಂತ ನನ್ನ ಅಭಿಪ್ರಾಯ.

ಅಪಾಯದ ವಿಷಯ ಮುಚ್ಚಿಡಲ್ಲ. 2013ರ ಆಗಸ್ಟ್ 14, ಅದೇ ಸಿಂಧುರಕ್ಷಕ್ ಮುಂಬೈ ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ್ದಾಗಲೇ ಸ್ಫೋಟವಾಗಿ 18 ಜನ ತೀರಿಕೊಂಡರು. (2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ನೀರಿನೊಳಗೆ ಹೋಗಿ ಬಂದದ್ದೂ ಇದೇ ಬೋಟ್‌ನಲ್ಲಿ.) ಆರು ತಿಂಗಳ ನಂತರ, 2014ರ ಫೆಬ್ರವರಿ 26ರಂದು ಸಿಂಧುರತ್ನದಲ್ಲಿ ಹೊಗೆ ತುಂಬಿ ಇಬ್ಬರು ಅಧಿಕಾರಿಗಳು ಹೋದರು. ಅವತ್ತೇ ನೌಕಾಪಡೆಯ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿ ಜವಾಬ್ದಾರಿ ಹೊತ್ತು ರಾಜೀನಾಮೆ ಕೊಟ್ಟರು.

ಹೊರಗಿನವರಿಗೆ ಅರ್ಥ ಆಗದ ಒಂದು ನಿಯಮ ಇದೆ. ಕಿಲೋ ಬೋಟ್‌ನಲ್ಲಿ ಆರು ಕಂಪಾರ್ಟ್‌ಮೆಂಟ್. ಒಂದರಲ್ಲಿ ಬೆಂಕಿ ಬಿದ್ದರೆ ಅಥವಾ ನೀರು ನುಗ್ಗಿದರೆ ಎರಡೂ ಕಡೆಯ ದುಂಡು ಬಾಗಿಲು ತಕ್ಷಣ ಮುಚ್ಚಬೇಕು. ಒಳಗೆ ಇದ್ದವರು ಅಲ್ಲೇ ಇದ್ದು ಹೋರಾಡಬೇಕು. ಬಾಗಿಲು ಮುಚ್ಚುವವನು ನಿಮ್ಮ ಪಕ್ಕದ ಬಂಕ್‌ನವನೇ ಆಗಿರಬಹುದು. ಅವನು ಅಳ್ತಾ ಆದರೂ ಮುಚ್ಚಬೇಕು, ಒಳಗಿನವನು ತೆಗೆಯಿರಿ ಅಂತ ಬಡಿಯಬಾರದು. ಇದನ್ನು ಎಲ್ಲರೂ ಮೊದಲೇ ಒಪ್ಪಿಕೊಂಡಿರ್ತಾರೆ. ಅದಕ್ಕೇ ಅಡುಗೆಯವನಿಂದ ಕ್ಯಾಪ್ಟನ್‌ವರೆಗೂ ಎಲ್ಲರೂ ಇಡೀ ಬೋಟ್ ಕಲಿಯಬೇಕು. ಯಾವ ವಾಲ್ವ್ ಎಲ್ಲಿದೆ, ಕತ್ತಲಲ್ಲಿ ಕೈ ಹಾಕಿದರೆ ಯಾವುದು ಸಿಗುತ್ತದೆ ಅಂತ ಕೇಳ್ತಾರೆ. ಅದೆಲ್ಲ ಪಾಸಾದ ಮೇಲೆಯೇ ಎದೆಯ ಮೇಲೆ ಸಬ್‌ಮರೀನ್‌ನವರ ಗುರುತಾದ ಡಾಲ್ಫಿನ್ ಬ್ಯಾಡ್ಜ್.

ಮೊದಲಿಗಿಂತ ಈಗ ಸ್ಥಿತಿ ಎಷ್ಟೋ ವಾಸಿ. 2018ರಲ್ಲಿ ನೀರಿನಾಳಕ್ಕೆ ಇಳಿದು ಜನರನ್ನು ಎತ್ತಿ ತರುವ ಡಿಎಸ್‌ಆರ್‌ವಿ ಬಂದಿದೆ, 650 ಮೀಟರ್‌ವರೆಗೆ ಹೋಗುತ್ತದೆ. ವಿಶಾಖಪಟ್ಟಣದ ಐಎನ್‌ಎಸ್ ಸಾತವಾಹನ ಸಬ್‌ಮರೀನ್ ಶಾಲೆಯಲ್ಲಿ ತಪ್ಪಿಸಿಕೊಳ್ಳುವ ತರಬೇತಿಗೆ 2024ರಲ್ಲಿ 'ವಿನೇತ್ರ' ಅನ್ನುವ ಹೊಸ ವ್ಯವಸ್ಥೆ ಆಗಿದೆ. 2017ರಿಂದ 2025ರ ತನಕ ಹೊಸ ಕಲ್ವರಿ ಕ್ಲಾಸ್‌ನ ಆರು ಬೋಟ್‌ಗಳು ಸೇರಿವೆ, ಆರನ್ನೂ ಮುಂಬೈಯ ಮಜಗಾಂವ್ ಡಾಕ್‌ನಲ್ಲೇ ಕಟ್ಟಿದ್ದು. ಭತ್ಯೆಯೂ ಬೇರೆ ಬರುತ್ತದೆ, ಆದರೆ ಬರೀ ದುಡ್ಡಿಗೆ ಹೋಗುವ ಜಾಗ ಅಲ್ಲ ಅದು.

ಸಬ್‌ಮರೀನ್‌ಗೆ ಯಾರನ್ನೂ ಒತ್ತಾಯ ಮಾಡಿ ಕಳಿಸಲ್ಲ, ತಾವಾಗಿ ಹೆಸರು ಕೊಟ್ಟವರನ್ನೇ ತಗೊಳ್ಳೋದು. ಹಾಗಾಗಿ ನಿಮ್ಮ ತಮ್ಮ ಯೋಚನೆ ಮಾಡಿಯೇ ಹೇಳಿರ್ತಾನೆ. ಅವನು ಇಕ್ಕಟ್ಟಿನಲ್ಲಿ ಸಿಡಿಮಿಡಿ ಮಾಡೋ ಸ್ವಭಾವದವನಾ, ಗೊರಕೆ ಹೊಡೆಯುವವನ ಪಕ್ಕ ಮಲಗಿ ಮರುದಿನ ಅವನ ಜೊತೆ ನಗ್ತಾ ಟೀ ಕುಡಿಯಬಲ್ಲನಾ? ಅದನ್ನು ನೋಡಿ, ಧೈರ್ಯ ಎಷ್ಟಿದೆ ಅಂತ ಅಲ್ಲ. ಹೋಗೋದೇ ಆದರೆ ಮನೆಯ ಫೋನ್ ನಂಬರ್, ನಾಮಿನೇಷನ್ ಎಲ್ಲ ಸರಿಯಾಗಿ ಬರೆಸಿಡಲಿ. ಮದುವೆ ಮಾತುಕತೆಯಲ್ಲಿ ಹುಡುಗಿಗೆ ಮೊದಲೇ ಎಲ್ಲ ಹೇಳಲಿ.

ಅವ್ವನನ್ನು ಒಪ್ಪಿಸೋಕೆ ನನ್ನ ಬಳಿ ಒಂದೇ ಉಪಾಯ. ವಿಶಾಖಪಟ್ಟಣಕ್ಕೆ ಕರೆದುಕೊಂಡು ಹೋಗಿ. ಲೋಂಡಾದಲ್ಲೋ ಹುಬ್ಬಳ್ಳಿಯಲ್ಲೋ ವಾಸ್ಕೋದಿಂದ ಹೌರಾ ಕಡೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿದರೆ ನೇರ ಅಲ್ಲಿಗೇ. ಆರ್‌ಕೆ ಬೀಚ್‌ನಲ್ಲಿ ಕುರ್ಸುರಾ ಬೋಟ್ ಅನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. 1969ರಲ್ಲಿ ಸೇರಿ 71ರ ಯುದ್ಧದಲ್ಲೂ ಗಸ್ತು ಹೋಗಿ 2001ರಲ್ಲಿ ನಿವೃತ್ತಿಯಾದ ಬೋಟ್ ಅದು. ಟಿಕೆಟ್ ತಗೊಂಡು ಒಳಗೆ ಹೋಗಬಹುದು, ಬಂಕು, ಅಡುಗೆ ಜಾಗ, ಟಾರ್ಪೆಡೊ ಟ್ಯೂಬು ಎಲ್ಲ ನೋಡಬಹುದು. ನಿಮ್ಮ ತಮ್ಮ ಹೋಗುವ ಬೋಟ್ ಇದಕ್ಕಿಂತ ಎಷ್ಟೋ ಹೊಸದು ಅಂತ ಹೇಳಿ. ಸೋಮವಾರ ಹೋಗಬೇಡಿ, ಬಂದ್ ಇರುತ್ತದೆ.