ಪ್ರಜ್ಞೆ ಇರುವುದು ಹಣೆಯ ಹಿಂದೆಯಾ?

'ಮಿದುಳಿನ ಮುಂಭಾಗವೇ ಯೋಚನೆಯ ಕೇಂದ್ರ ಅಂತಾರೆ. ಹಾಗಾದರೆ ಅದು ಹಾಳಾದರೆ ಪ್ರಜ್ಞೆಯೂ ಹೋಗುತ್ತದಾ?' ಅಂತ ಕೇಳಿದ್ದೀರಿ. ಹೋಗುವುದಿಲ್ಲ ಅನ್ನುವ ಕಡೆಗೆ ನಾನು ವಾಲುತ್ತೇನೆ. ನಾನು ಡಾಕ್ಟರ್ ಅಲ್ಲ. ಮನೆಯಲ್ಲಿ ಒಬ್ಬರ ತಲೆಗೆ ಪೆಟ್ಟಾದ ಮೇಲೆ ಈ ವಿಷಯ ಓದುವ ಹುಚ್ಚು ಹಿಡಿದವನು.

ನಮ್ಮ ಮಾವ ಬೈಕಿನಿಂದ ಬಿದ್ದು ಹಣೆಗೆ ಜೋರಾಗಿ ಏಟು ಮಾಡಿಕೊಂಡರು. ಮೂರನೇ ದಿನ ಪ್ರಜ್ಞೆ ಬಂತು. ಮನೆಗೆ ಬಂದ ಮೇಲೆ ಒಂದು ದಿನ ನೋಡಲು ಹೋಗಿದ್ದೆ. ಅತ್ತೆ ಬೇಳೆ ಬೇಯಲು ಇಟ್ಟು, 'ಮೂರು ವಿಷಲ್ ಆದ್ಮೇಲೆ ಆಫ್ ಮಾಡಿ' ಅಂತ ಹೇಳಿ ಹೂ ತರಲು ಹೋಗಿದ್ದರಂತೆ. ನಾನು ಒಳಗೆ ಕಾಲಿಟ್ಟರೆ ಸೀದ ವಾಸನೆ. ಮಾವ ಒಲೆ ಪಕ್ಕದಲ್ಲೇ ಸ್ಟೂಲ್ ಮೇಲೆ ಕೂತಿದ್ದಾರೆ. 'ಎಷ್ಟು ವಿಷಲ್ ಆಯ್ತು ಮಾವ?' ಅಂದೆ. 'ಒಂಬತ್ತು. ಬೇಳೆ ಸೀದಿದೆ ನೋಡು' ಅಂದರು. ಎದ್ದು ಆಫ್ ಮಾತ್ರ ಮಾಡಿರಲಿಲ್ಲ.

ನಮ್ಮ ಭಾಷೆಯಲ್ಲಿ ಪ್ರಜ್ಞೆ ಅನ್ನುವುದಕ್ಕೆ ಎರಡು ಕೆಲಸ. ಪ್ರಜ್ಞೆ ತಪ್ಪಿತು ಅಂತಲೂ ಅಂತೀವಿ, ಸಮಯಪ್ರಜ್ಞೆ ಇಲ್ಲ ಅಂತಲೂ ಬೈತೀವಿ. ಮುಂಭಾಗಕ್ಕೆ ಏಟಾದರೆ ಜಾಸ್ತಿ ಹೋಗುವುದು ಎರಡನೆಯದು. ವಿಷಲ್ ಕೇಳುವುದು, ಸೀದ ವಾಸನೆ ಬರುವುದು ಇದ್ದೇ ಇರುತ್ತದೆ.

ಹಳೆಯ ಒಂದು ಕೇಸ್ ಇದೆ. 1930ರಲ್ಲಿ ಅಮೆರಿಕದ ಸರ್ಜನ್ ವಾಲ್ಟರ್ ಡ್ಯಾಂಡಿ ಗಡ್ಡೆ ತೆಗೆಯಲು ಹೋಗಿ ಒಬ್ಬ ಷೇರು ದಲ್ಲಾಳಿಯ ಎರಡೂ ಕಡೆಯ ಮುಂಭಾಗವನ್ನು ಬಹುಪಾಲು ಕತ್ತರಿಸಬೇಕಾಯಿತು. ವೈದ್ಯಕೀಯ ಬರಹಗಳಲ್ಲಿ ಅವನ ಹೆಸರು ಬರೀ 'ಎ'. ಆಮೇಲೆ ಅವನು ಜಂಬ ಕೊಚ್ಚುತ್ತಿದ್ದ, ದುಡಿಮೆಗೆ ಹೋಗಲೇ ಇಲ್ಲ. ಆದರೆ ಒಮ್ಮೆ ಒಂದು ನರರೋಗ ಸಂಸ್ಥೆ ನೋಡಲು ಬಂದವರ ಜೊತೆ ಗಂಟೆಗೂ ಹೆಚ್ಚು ಹೊತ್ತು ಸುತ್ತಾಡಿದ. ಗುಂಪಿನಲ್ಲಿ ಇಬ್ಬರು ದೊಡ್ಡ ನರತಜ್ಞರೇ ಇದ್ದರು. ಬೇರೆಯವರು ಹೇಳುವ ತನಕ ಅವರಿಗೂ ಏನೂ ಗೊತ್ತಾಗಲಿಲ್ಲ!

ಹಾಗಾದರೆ ಸ್ಕ್ಯಾನ್ ಮಾಡಿದಾಗ ಮುಂಭಾಗ ಯಾಕೆ ಬೆಳಗುತ್ತದೆ? ಇದಕ್ಕೆ ಮನೆಯಲ್ಲೇ ಒಂದು ಆಟ ಆಡಿ. ಒಂದು ಕಣ್ಣಿಗೆ ಕೆಂಪು ಜಿಲೇಟಿನ್ ಪೇಪರ್, ಇನ್ನೊಂದಕ್ಕೆ ಹಸಿರು ಹಿಡಿದು ಬಿಳಿ ಗೋಡೆ ನೋಡಿ. ಎರಡೂ ಕಲೆತು ಒಂದೇ ಬಣ್ಣವಾಗಿ ನಿಲ್ಲುವುದು ಕಷ್ಟ. ಸ್ವಲ್ಪ ಹೊತ್ತು ಗೋಡೆ ಕೆಂಪು, ಆಮೇಲೆ ಮೂಲೆಯಿಂದ ಹಸಿರು ಹರಡಿಕೊಂಡು ಬರುತ್ತದೆ. ಗೋಡೆ ಬದಲಾಗಿಲ್ಲ, ಕಾಗದವೂ ಬದಲಾಗಿಲ್ಲ. ಬದಲಾದದ್ದು ನಿಮಗೆ ಕಂಡದ್ದು ಮಾತ್ರ. ಇಂಥದ್ದನ್ನೇ ಸ್ಕ್ಯಾನರ್ ಒಳಗೆ ಮಾಡಿಸಿ, 'ಬದಲಾದಾಗ ಬಟನ್ ಒತ್ತಿ' ಅಂದರೆ ಮುಂಭಾಗ ಜೋರಾಗಿ ಕೆಲಸ ಮಾಡುವುದು ಕಾಣುತ್ತಿತ್ತು. 2014ರಲ್ಲಿ ಜರ್ಮನಿಯ ಒಂದು ತಂಡ ಬಟನ್ ತೆಗೆದುಬಿಟ್ಟಿತು. ಕಣ್ಣುಗುಡ್ಡೆಯ ಚಲನೆ, ಪಾಪೆಯ ಅಳತೆ ನೋಡಿಯೇ ಯಾವಾಗ ಬದಲಾಯಿತು ಅಂತ ಕಂಡುಹಿಡಿದರು. ಮುಂಭಾಗದ ಗದ್ದಲ ಬಹಳ ಇಳಿಯಿತು. ಹಿಂಭಾಗದ, ನೋಟಕ್ಕೆ ಸೇರಿದ ಜಾಗಗಳಲ್ಲಿ ಚಟುವಟಿಕೆ ಉಳಿಯಿತು. ಅಂದರೆ ಮೊದಲು ಅಳೆದದ್ದರಲ್ಲಿ ಬಹುಪಾಲು ಕಂಡದ್ದಲ್ಲ, ಕಂಡದ್ದನ್ನು ಹೇಳುವ ಕೆಲಸ ಅಲ್ವಾ?

ಮುಂಭಾಗದ ಪರ ಇರುವವರು ಸುಮ್ನೆ ಕೂತಿಲ್ಲ. 'ಎ'ಯ ಮುಂಭಾಗ ಪೂರ್ತಿ ಹೋಗಿರಲಿಲ್ಲ ಅಂತಾರೆ. ಅದು ನಿಜವೇ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕೋತಿಗಳ ಮುಂಭಾಗಕ್ಕೆ ನೇರವಾಗಿ ಎಲೆಕ್ಟ್ರೋಡ್ ಇಟ್ಟಾಗ, ಕೋತಿ ಏನನ್ನೂ 'ಹೇಳದೆ' ಇದ್ದರೂ ಅದಕ್ಕೆ ಆಗ ಯಾವ ಚಿತ್ರ ಕಾಣುತ್ತಿದೆ ಎಂಬುದು ಅಲ್ಲಿನ ನರಕೋಶಗಳಲ್ಲಿ ಸಿಕ್ಕಿತು. ಸ್ಕ್ಯಾನರ್‌ಗೆ ಸಿಗದಷ್ಟು ಸಣ್ಣ ಸದ್ದು ಅಲ್ಲಿ ಇರಬಹುದು. ನನಗೆ ಕಾಡುವುದು ಇದೇ.

ಕೊನೆಗೆ ಎರಡೂ ಬಣಗಳು ಒಟ್ಟಿಗೆ ಕೂತು ಪಂದ್ಯದ ನಿಯಮ ಮೊದಲೇ ಬರೆದು 256 ಜನರ ಮೇಲೆ ಪರೀಕ್ಷೆ ಮಾಡಿದವು. ಫಲಿತಾಂಶ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಮುಂಭಾಗದ ಬಣದ ಲೆಕ್ಕದಲ್ಲಿ, ತೋರಿಸಿದ ಚಿತ್ರ ಮಾಯವಾದಾಗ ಮುಂಭಾಗ ಮತ್ತೊಮ್ಮೆ ಭಗ್ಗನೆ ಹೊತ್ತಿಕೊಳ್ಳಬೇಕಿತ್ತು, ಹೆಚ್ಚಿನಂಶ ಹಾಗಾಗಲಿಲ್ಲ. ಹಿಂಭಾಗದ ಬಣದ ಲೆಕ್ಕದಲ್ಲಿ, ಚಿತ್ರ ಇರುವಷ್ಟು ಹೊತ್ತೂ ಹಿಂಭಾಗದ ಜಾಗಗಳು ಒಂದೇ ತಾಳದಲ್ಲಿರಬೇಕಿತ್ತು, ಅದೂ ಆಗಲಿಲ್ಲ.

ನನ್ನ ಒಲವು ಇನ್ನೂ ಹಿಂಭಾಗದ ಕಡೆಗೇ. ಆದರೆ ಮಾವನ ಕಥೆಯನ್ನೇ ಸಾಕ್ಷಿ ಅಂತ ಹಿಡಿಯಲು ಹೋದರೆ ಒಂದು ತೊಡಕು. ಒಂಬತ್ತು ವಿಷಲ್ ಕೇಳಿಸಿತ್ತು ಅಂತ ನನಗೆ ಗೊತ್ತಾಗಿದ್ದು ನಾನು ಕೇಳಿ, ಅವರು ಬಾಯಿ ಬಿಟ್ಟು ಹೇಳಿದ್ದಕ್ಕೆ. ಹೇಳಲು ಅವರ ಮುಂಭಾಗದಲ್ಲಿ ಉಳಿದಿದ್ದ ಅಷ್ಟಿಷ್ಟು ಬೇಕೇ ಬೇಕಿತ್ತು.