ಶಾಲು, ಹಾರದ ಖರ್ಚು ತಾಲೀಮಿಗೆ ಹೋಗಲಿ

ಪ್ರಶ್ನೆ: ತಂದೆಯವರ ನೆನಪಿಗೆ ನಮ್ಮೂರ ದೊಡ್ಡಾಟದ (ರಾತ್ರಿಯಿಡೀ ಆಡುವ ಬಯಲಾಟ) ಮೇಳಕ್ಕೆ ಒಂದು ಲಕ್ಷ ರೂಪಾಯಿ ಕೊಡಬೇಕೆಂದಿದ್ದೇವೆ. ಒಂದು ರಾತ್ರಿ ದೊಡ್ಡದಾಗಿ ಆಟ ಆಡಿಸಿ, ಹಿರಿಯ ಕಲಾವಿದರಿಗೆ ಸನ್ಮಾನ ಮಾಡುವ ವಿಚಾರವಿದೆ. ಸರಿಯೇ?
(ಶಿಗ್ಗಾವಿ ತಾಲ್ಲೂಕಿನ ಓದುಗರು)

ಉತ್ತರ: ಅಷ್ಟೂ ರೊಕ್ಕ ಒಂದೇ ರಾತ್ರಿಗೆ ಹಾಕಬೇಡಿ. ಪೆಂಡಾಲು, ಲೈಟು, ಮೈಕು, ಊಟ, ಶಾಲು ಎಂದು ಬಿಲ್ಲು ತೀರಿಸುವುದರಲ್ಲೇ ಲಕ್ಷ ಕರಗಿರುತ್ತದೆ. ಮದ್ದಳೆ ಬಾರಿಸಿದವರ ಕೈಗೆ ಬರುವುದು ಅಷ್ಟಕ್ಕಷ್ಟೆ.

ಅನೇಕ ಊರುಗಳಲ್ಲಿ ವೇಷದ ಬಾಡಿಗೆ, ಆಟ ಕಲಿಸುವ ಮಾಸ್ತರರ ಸಂಭಾವನೆಗೆ ಪಾತ್ರಧಾರಿಯೇ ರೊಕ್ಕ ಹಾಕಬೇಕು. ದೊಡ್ಡ ಪಾತ್ರಕ್ಕೆ ಹೆಚ್ಚು. ಹೀಗಾಗಿ ಕಂಠ ಎಷ್ಟೇ ಚೆನ್ನಾಗಿದ್ದರೂ ಕೂಲಿಗೆ ಹೋಗುವ ಹುಡುಗ ದೂತನ ಪಾತ್ರಕ್ಕೇ ನಿಲ್ಲುತ್ತಾನೆ. ನಿಮ್ಮ ದಾನ ಮೊದಲು ಇಲ್ಲಿಗೆ ಬರಲಿ: ಹೊಲವಿಲ್ಲದ ಮನೆಯವರ ಪಾತ್ರದ ರೊಕ್ಕಕ್ಕೆ 30,000, ಮಾಸ್ತರರು ಮತ್ತು ಹಿಮ್ಮೇಳದವರ ತಾಲೀಮಿನ ಸಂಭಾವನೆಗೆ 25,000, ವೇಷಭೂಷಣ, ವಾದ್ಯಗಳ ರಿಪೇರಿಗೆ 20,000. ಉಳಿದ 25,000 ಆಪತ್ತಿನ ನಿಧಿಯಾಗಿ ಬ್ಯಾಂಕಿನಲ್ಲಿ ಠೇವಣಿಯಾಗಲಿ. ಮಳೆಯಿಂದಲೋ ಊರಲ್ಲಿ ಸಾವಾಗಿಯೋ ಆಟ ರದ್ದಾದರೆ ಹಿಮ್ಮೇಳದವರಿಗೆ ಅರ್ಧ ಸಂಭಾವನೆ ಕೊಡಲು, ಕಲಾವಿದರು ಆಸ್ಪತ್ರೆ ಸೇರಿದರೆ ಕೈಹಿಡಿಯಲು ಮಾತ್ರ ಅದನ್ನು ಮುಟ್ಟಬೇಕು. ಇದನ್ನು ಠರಾವಿನಲ್ಲೇ ಬರೆಸಿ.

ಖಾತೆಗೆ ಎರಡು ಸಹಿ ಇರಲಿ. ಎರಡನೆಯದು ಅಧ್ಯಕ್ಷರ ಮನೆತನದವರದ್ದಲ್ಲ, ಬೇರೆ ಓಣಿಯವರದ್ದು, ಸಾಧ್ಯವಾದರೆ ಹಿಮ್ಮೇಳದವರದ್ದು. ಹೆಚ್ಚಿನ ಜಗಳ ಹುಟ್ಟುವುದೇ ಇಲ್ಲಿ. ತಾಲೀಮು ಶುರುವಾಗುವ ಮೊದಲೇ ಮುಕ್ಕಾಲು ಭಾಗ ಕೊಟ್ಟುಬಿಡಿ. ಆಟ ಮುಗಿದ ಮೇಲೆ ನೋಡೋಣ ಎಂದು ತಡೆದರೆ ಮೇಳದವರು ಬಡ್ಡಿಗೆ ಸಾಲ ತಂದಿರುತ್ತಾರೆ, ನಿಮ್ಮ ದಾನ ಸಾಹುಕಾರರಿಗೆ ಹೋಗುತ್ತದೆ. ಲೆಕ್ಕಕ್ಕೆ ಒಂದು ನೋಟ್‌ಬುಕ್ ಸಾಕು: ತಾರೀಖು, ಹೆಸರು, ಮೊತ್ತ, ಸಹಿ ಅಥವಾ ಹೆಬ್ಬೆಟ್ಟು.

ರಿಪೇರಿಯ ಬಗ್ಗೆ ಒಂದು ಮಾತು. ಕಿರೀಟ, ಭುಜಕೀರ್ತಿಗಳು ಹಗುರ ಕಟ್ಟಿಗೆಯವು. ಮೇಲೆ ಬಂಗಾರ ಬಣ್ಣದ ಹಾಳೆ, ಕನ್ನಡಿ ಚೂರು. ಮಳೆಗಾಲದಲ್ಲಿ ಟ್ರಂಕಿನೊಳಗೆ ಒತ್ತಿಟ್ಟರೆ ತಂಪಿಗೆ ಅಂಟು ಬಿಟ್ಟು ಕನ್ನಡಿ ಉದುರುತ್ತವೆ, ಬೆವರು ಆರದ ಪಟ್ಟಿಗಳಿಗೆ ಬೂಸು ಹಿಡಿಯುತ್ತದೆ. ಹೊಸ ಸೆಟ್ ಕೊಡಿಸುವ ಮೊದಲು ಗೋಡೆಯಿಂದ ಅರ್ಧ ಅಡಿ ದೂರಕ್ಕೆ ಕಟ್ಟಿಗೆಯ ಕಪಾಟು ಮಾಡಿಸಿ. ಪ್ಲಾಸ್ಟಿಕ್ ಚೀಲ ಬೇಡ, ಹತ್ತಿ ಬಟ್ಟೆಯಲ್ಲಿ ಸುತ್ತಿಡಲಿ. ಹದಿನೈದು ದಿನಕ್ಕೊಮ್ಮೆ ತೆಗೆದು ಗಾಳಿಗಿಟ್ಟರೆ ಹಾಳೆ ವರ್ಷಗಟ್ಟಲೆ ಬಾಳುತ್ತದೆ.

ಪ್ರಶ್ನೆ: ಕಸೂತಿ ಹಾಕುವ ಹತ್ತು ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ಕೊಡಿಸಬೇಕೆಂದಿದೆ ನಮ್ಮ ಮಹಿಳಾ ಮಂಡಳ. ಯಾವ ಯಂತ್ರ ಒಳ್ಳೆಯದು?
(ಧಾರವಾಡದ ಓದುಗರು)

ಉತ್ತರ: ಯಾವುದೂ ಬೇಡ. ಕಸೂತಿಯ ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ನಾಲ್ಕೂ ಹೊಲಿಗೆ ಬಟ್ಟೆಯ ಎಳೆ ಎಣಿಸಿ ಕೈಯಿಂದ ಹಾಕುವಂಥವು. ಗಂಟು ಹಾಕುವಂತಿಲ್ಲ, ಗವಂತಿ ಎರಡೂ ಬದಿಗೆ ಒಂದೇ ಥರ ಕಾಣಬೇಕು. ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಮಂದ ಬೆಳಕಿನಲ್ಲಿ ಎಳೆ ಎಣಿಸಿ ಎಣಿಸಿ ಇವರಿಗೆ ಮೊದಲು ಸೋಲುವುದು ಕಣ್ಣು. ಒಂದು ಎಳೆ ತಪ್ಪಿದರೆ ಗೋಪುರದ ಸಾಲೇ ವಾರೆಯಾಗುತ್ತದೆ, ಅಲ್ಲಿಯತನಕ ಬಿಚ್ಚಬೇಕು. ಆದ್ದರಿಂದ ಹತ್ತೂ ಜನರ ಕಣ್ಣು ಪರೀಕ್ಷೆ ಮಾಡಿಸಿ, ಹತ್ತಿರದ್ದು ಕಾಣುವ ಕನ್ನಡಕ ಕೊಡಿಸಿ, ಕುತ್ತಿಗೆ ಮಡಚುವ ಎಲ್‌ಇಡಿ ದೀಪ ಕೊಡಿಸಿ. ಯಂತ್ರಕ್ಕಿಂತ ಖರ್ಚೂ ಕಡಿಮೆ.

ಇನ್ನೊಂದು ಅನ್ಯಾಯ ಕೂಲಿಯದು. ಹೂವಿಗೆ ಇಷ್ಟು, ತೇರಿಗೆ ಇಷ್ಟು ಎಂದು ಕೂಲಿ ಗೊತ್ತುಮಾಡಿದರೆ ಬಿಚ್ಚಿ ಹಾಕಿದ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಾದರಿಗೊಂದು ತುಂಡು ಹಾಕಿಸಿ, ಎಷ್ಟು ತಾಸು ಹಿಡಿಯಿತೆಂದು ಬರೆದುಕೊಂಡು, ತಾಸಿನ ಮೇಲೆ ದರ ಕಟ್ಟಿ. ದಾರ, ಬಟ್ಟೆ ಮಂಡಳವೇ ಕೊಡಲಿ, ಅರ್ಧ ಕೂಲಿ ಮುಂಗಡ ಕೊಡಲಿ. ಎಳೆ ಎಣಿಸಲು ಬಾರದ ನುಣುಪು ಬಟ್ಟೆ ತಂದರೆ ಮೇಲೆ ಮ್ಯಾಟಿ ಬಟ್ಟೆ (ಎಳೆ ಎಣಿಸಲು ಬರುವ ಬಿಡಿ ನೇಯ್ಗೆಯ ಬಟ್ಟೆ) ಕಟ್ಟಿ, ಹೊಲಿದಾದ ಮೇಲೆ ಅದರ ಎಳೆಗಳನ್ನು ಒಂದೊಂದಾಗಿ ಎಳೆಯಬೇಕು. ಆ ತಾಸುಗಳನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ನಮ್ಮ ಸಂಗೀತ ಶಾಲೆ ಒಬ್ಬರೇ ದಾನಿಯನ್ನು ನಂಬಿದೆ. ಅವರು ಕೈಬಿಟ್ಟರೆ? ದಾನಿಗಳಿಗೆ ತೆರಿಗೆ ವಿನಾಯಿತಿ ಉಂಟೇ?
(ಗದಗಿನ ಓದುಗರು)

ಉತ್ತರ: ಉದಾಹರಣೆ ನಿಮ್ಮೂರಲ್ಲೇ ಇದೆ. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಊಟ, ವಸತಿ, ಸಂಗೀತ ವಿದ್ಯೆ ಸಿಕ್ಕಿದ್ದು ಒಬ್ಬ ಶ್ರೀಮಂತರ ಬಲದಿಂದಲ್ಲ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿದರು. ಭಕ್ತರು ತುಲಾಭಾರ ಮಾಡಿಸಿದರು, ಊರೂರಿನವರು ಕಾಳುಕಡಿ ಕೊಟ್ಟರು. ನೀವೂ ತಿಂಗಳಿಗೆ ನೂರು ರೂಪಾಯಿ ಕೊಡುವ ಐವತ್ತು ಜನರನ್ನು ಹುಡುಕಿ. ಐವರು ಬಿಟ್ಟುಹೋದರೂ ಶಾಲೆಯ ಬಾಗಿಲು ಮುಚ್ಚುವುದಿಲ್ಲ.

ಶಾಲೆ ಇನ್ನೂ ನೋಂದಣಿಯಾಗಿಲ್ಲದಿದ್ದರೆ, ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಂತೆ ಕನಿಷ್ಠ 7 ಜನ ಸೇರಿ ಸಂಘ ಮಾಡಿಕೊಳ್ಳಬಹುದು. ಪ್ರತಿವರ್ಷ ಸರ್ವಸಾಧಾರಣ ಸಭೆ ಕರೆದು, ಲೆಕ್ಕ ತಪಾಸಣೆ ಮಾಡಿಸಿ, ಆಡಳಿತ ಮಂಡಳಿ ಸದಸ್ಯರ ಪಟ್ಟಿಯನ್ನು ಜಿಲ್ಲಾ ನೋಂದಣಾಧಿಕಾರಿಗೆ ಸಲ್ಲಿಸಲೇಬೇಕು. ಇದನ್ನು ಬಿಟ್ಟ ಸಂಘಗಳು ಅನುದಾನದ ಅರ್ಜಿ ಹಾಕುವ ಹೊತ್ತಿಗೆ ದಂಡ ಕಟ್ಟುತ್ತಾ ಅಲೆಯುತ್ತವೆ.

ತೆರಿಗೆ ವಿನಾಯಿತಿ ನೋಂದಣಿಯಿಂದ ತಾನಾಗಿ ಬರುವುದಿಲ್ಲ. ಆದಾಯ ತೆರಿಗೆ ಇಲಾಖೆಯಿಂದ, 80ಜಿ ಎಂದು ಎಲ್ಲರೂ ಕರೆಯುವ ಮಾನ್ಯತೆ ಬೇರೆಯೇ ಪಡೆಯಬೇಕು. ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡ ದಾನಿಗಳಿಗಷ್ಟೆ ಅದರ ಲಾಭ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ವಿನಾಯಿತಿಯಿಲ್ಲ. ಚೆಕ್ ಅಥವಾ ಆನ್‌ಲೈನ್ ಮೂಲಕವೇ ಪಡೆಯಿರಿ. ಹಾರ್ಮೋನಿಯಂ, ತಬಲಾ ಕೊಟ್ಟವರಿಗೂ ಅದು ಸಿಗುವುದಿಲ್ಲ ಎಂದು ಮೊದಲೇ ತಿಳಿಸಿಬಿಡಿ.